ಮಾತು ಮುಗಿಯುವವರೆಗೆ
ತೊದಲುವ ತಮ್ಮನಿಗಾಗಿ ತೊದಲುವವರ ಆನ್‌ಲೈನ್ ಮಾತುಕತೆಯ ಗುಂಪು ಕಟ್ಟಿದ ಅಡ್ಮಿನ್ ಅಕ್ಕನಿಗೆ ಕಾಲಲ್ಲಿ ಚಕ್ರ, ಎಲ್ಲದಕ್ಕೂ ಅವಸರ. ಮನೆಯಲ್ಲಿ ಗಂಡ ಬಾಯಿ ತೆರೆಯುವಷ್ಟರಲ್ಲಿ ಅವನ ಮಾತನ್ನೂ ತಾನೇ ಮುಗಿಸಿಬಿಡುತ್ತಾಳೆ. ಗುಂಪಿನಲ್ಲಿ ಮಾತ್ರ ಯಾರು ಎಷ್ಟು ತಡವರಿಸಿದರೂ ಉಗುರು ಕಚ್ಚುತ್ತ ಕಾಯುತ್ತಾಳೆ. ಪಾಪ ಎಂದು ಯಾರಾದರೂ ಪದ ಹೇಳಿಕೊಟ್ಟರೆ ಅವರ ಮೈಕ್ ಬಂದ್. "ಅವ್ರ ಮಾತು, ಅವ್ರೇ ಮುಗಿಸ್ಲಿ!" ಗುಂಪು ಬೆಳೆದು ಕೈಮೀರಿದಾಗ, ಅಲ್ಲೇ ಬಾಯಿಬಿಡಲು ಕಲಿತಿದ್ದ ದರ್ಜಿಯೊಬ್ಬನನ್ನೂ ಅಡ್ಮಿನ್ ಮಾಡಿದಳು. ಈ ಮೆತ್ತಗಿನ ಮನುಷ್ಯ ಗುಂಪಿನ ರೀತಿಯನ್ನು ಉಳಿಸಿಯಾನೇ ಎಂದು ಅವಳಿಗೆ ಒಂದೇ ತಳಮಳ. ಅವನು ಅಡ್ಮಿನ್ ಆದ ಮೊದಲ ದಿನವೇ ಹೊಸಬಳೊಬ್ಬಳು ತನ್ನ ಹೆಸರು ಹೇಳಲು ತಿಣುಕುತ್ತಿದ್ದಾಗ, ತಡೆಯಲಾರದೆ ಅಕ್ಕನೇ ಪರದೆಯ ಮೇಲಿದ್ದ ಆ ಹೆಸರು ಓದಿ ಹೇಳಿಬಿಟ್ಟಳು. ತಕ್ಷಣ ಅಕ್ಕನ ಮೈಕ್ ಬಂದ್ ಆಯಿತು. "ಅ...ಅಕ್ಕಾ, ಅವ್ರೇ ಹೇ...ಹೇಳ್ಲಿ" ಎಂದ ದರ್ಜಿ. ಅಕ್ಕನ ಕಿವಿ ಕೆಂಪಾಯಿತು. ಆಮೇಲೆ, ಎಷ್ಟೋ ಕಾಲದ ನಂತರ, ಅವಳು ಕುರ್ಚಿಗೆ ಬೆನ್ನು ಕೊಟ್ಟು ಕೂತಳು.