ಇಂಕಿನವರು ಬರುವುದು ನಿಂತ ಮೇಲೆ

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು ತೊಂಬತ್ತೇಳರಲ್ಲಿ. ಅದೇ ವರ್ಷ ನಾನು ಕೋರ್ಟಿನ ಎದುರಿನ ಸಾಲಿನಲ್ಲಿ ಒಂದು ಮೇಜು, ಒಂದು ಹಳೆಯ ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಕೂತೆ. ನನ್ನ ತವರು ಬೇವೂರು. ಟೈಪಿಂಗ್ ಕಲಿತದ್ದು ಯಲಬುರ್ಗಾದಲ್ಲಿ, ಅಕ್ಕನಿಗೆ ಜೊತೆಯಾಗಲೆಂದು ಹೋಗಿ. ಅಕ್ಕ ಅರ್ಧಕ್ಕೆ ಬಿಟ್ಟಳು, ನಾನು ಬಿಡಲಿಲ್ಲ. ನನ್ನ ಯಜಮಾನರು ಒಂದು ಕಚೇರಿಯಲ್ಲಿ ಜವಾನರಾಗಿದ್ದರು. "ಜಿಲ್ಲಾ ಆತಂದ್ರ ಆಫೀಸ್ ಬರ್ತಾವ, ಆಫೀಸ್ ಬಂದ್ರ ಅರ್ಜಿ ಬರ್ತಾವ. ನೀ ಮನ್ಯಾಗ ಕುಂತು ಏನ್ ಮಾಡ್ತಿ?" ಎಂದು ಅವರೇ ನನ್ನನ್ನು ತಂದು ಕೂರಿಸಿದ್ದು. ಅವರು ಹೇಳಿದಂತೆಯೇ ಆಯಿತು. ಅರ್ಜಿಗಳು ಬಂದವು, ಅಫಿಡವಿಟ್‌ಗಳು ಬಂದವು, ಜನ ಬೆಳಿಗ್ಗೆಯೇ ಬಂದು ನನ್ನ ಮೇಜಿನ ಮುಂದೆ ಕುಕ್ಕುರುಗಾಲಲ್ಲಿ ಕೂರುತ್ತಿದ್ದರು.

ಮುಂದೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಅದರ ಹಿಂದೆ ಪ್ರಿಂಟರ್. ಕಂಪ್ಯೂಟರಿಗೆ ನಾನು ಬೇಗ ಒಗ್ಗಿಕೊಂಡೆ. ಪ್ರಿಂಟರ್ ಮಾತ್ರ ಇಂಕು ಕುಡಿಯುವ ರೀತಿ ನೋಡಿ ಎದೆ ಒಡೆಯುತ್ತಿತ್ತು. ಕಂಪನಿಯ ಹೊಸ ಕಾರ್ಟ್ರಿಡ್ಜ್ ತಂದು ಹಾಕಿದರೆ ನಾಲ್ಕು ಕೇಸಿನ ಕಾಗದ ಮುಗಿಯುವುದರೊಳಗೆ ಬರವಣಿಗೆ ತೆಳುವಾಗುತ್ತಿತ್ತು. ಆ ಡಬ್ಬಿಯನ್ನು ಎಸೆದು ಇನ್ನೊಂದು ತರಬೇಕು. ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇರುತ್ತಿತ್ತು, ಒಳಗಿನ ಇಂಕು ಮಾತ್ರ ಮುಗಿದಿರುತ್ತಿತ್ತು.

ಆಗ ಸಿಕ್ಕವರು ಇಂಕಿನವರು. ಗಂಗಾವತಿಯ ಮುಸಲ್ಮಾನರ ಮನೆತನ. ಅವರಪ್ಪ ಸೀಮೆಎಣ್ಣೆ ಸ್ಟೋವ್ ರಿಪೇರಿ ಮಾಡುತ್ತಿದ್ದರಂತೆ. ಇವರು ಚೀಲದಲ್ಲಿ ಬಾಟಲಿ, ಸಿರಿಂಜು, ಹಳೆಯ ಬನಿಯನ್ ಬಟ್ಟೆ ಹಾಕಿಕೊಂಡು ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಂದು ಬಸ್ಸಿನಲ್ಲಿ ಸುತ್ತಿ ಖಾಲಿ ಡಬ್ಬಿಗಳಿಗೆ ಇಂಕು ತುಂಬುತ್ತಿದ್ದರು. ಬಂದವರೇ ನೆಲದ ಮೇಲೆ ಪೇಪರ್ ಹಾಸಿ ಕೂತು, ಡಬ್ಬಿಗೆ ಸೂಜಿ ಚುಚ್ಚಿ, ನಿಧಾನವಾಗಿ ಒತ್ತುತ್ತಿದ್ದರು. ಅವಸರ ಮಾಡಿದರೆ ಗುಳ್ಳೆ ಕೂರುತ್ತದೆ ಎನ್ನುತ್ತಿದ್ದರು. ಒತ್ತುತ್ತಲೇ ಕುಷ್ಟಗಿಯಲ್ಲಿ ಮಳೆಯಾಯಿತೋ ಇಲ್ಲವೋ, ತಾವರಗೇರಾ ಸಂತೆಯಲ್ಲಿ ಮೆಣಸಿನಕಾಯಿ ದರ ಏನಾಯಿತು, ಎಲ್ಲ ಹೇಳುತ್ತಿದ್ದರು. ಅವರ ಉಗುರಿನ ಸಂದಿಯ ಕಪ್ಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ. ನಮ್ಮ ಸಾಲಿನ ಟೈಪಿಸ್ಟರೆಲ್ಲ ಅವರ ದಾರಿ ನೋಡುತ್ತಿದ್ದೆವು. ಚಹಾ ಯಾರು ತರಿಸಬೇಕು ಎಂಬುದಕ್ಕೆ ಜಗಳವಾಗುತ್ತಿತ್ತು.

ಹೀಗೆ ವರ್ಷಗಳು ಹೋದವು. ನಂತರ ಪಕ್ಕದ ಅಂಗಡಿಯವನಿಗೆ ಒಂದು ಆಪತ್ತು ಬಂತು. ಒಂದು ಬೆಳಿಗ್ಗೆ ಅವನು ಕಂಪ್ಯೂಟರ್ ಹಚ್ಚಿದರೆ ಒಂದು ಫೈಲೂ ತೆರೆಯಲಿಲ್ಲ. ಯಾರೋ ಎಲ್ಲಿಂದಲೋ ಬೀಗ ಹಾಕಿದ್ದರು. ತೆಗೆಯಬೇಕಾದರೆ ಹಣ ಕಳಿಸಿ ಎಂದು ತೆರೆಯ ಮೇಲೆ ಬರೆದಿತ್ತು. ಅವನು ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟ. ಅಪ್‌ಡೇಟ್ ಮಾಡದೆ ಬಿಟ್ಟದ್ದಕ್ಕೆ ಹೀಗಾಯಿತು ಎಂದು ಕಂಪ್ಯೂಟರ್ ನೋಡಲು ಬಂದವನು ಹೇಳಿದ. ಅಂದೇ ನಾನು ಅವನ ಕೈಯಿಂದ ನನ್ನ ಕಂಪ್ಯೂಟರಿಗೂ ಪ್ರಿಂಟರಿಗೂ ತಾವಾಗಿಯೇ ಅಪ್‌ಡೇಟ್ ಆಗುವಂತೆ ಮಾಡಿಸಿಕೊಂಡೆ. ಈಗಲೂ ಅದು ತಪ್ಪೆಂದು ನನಗೆ ಅನಿಸುವುದಿಲ್ಲ. ಆ ದಿನ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಅದಾಗಿ ಸ್ವಲ್ಪ ದಿನಕ್ಕೆ, ಇಂಕಿನವರು ಬಂದು ಡಬ್ಬಿ ತುಂಬಿ ಪ್ರಿಂಟರಿಗೆ ಕೂರಿಸಿದರು. ತಾವರಗೇರಾದಿಂದ ಬಂದ ಗಂಡ ಹೆಂಡತಿ ಜೀವನಾಂಶದ ರಾಜಿ ಕಾಗದಕ್ಕಾಗಿ ಕಾಯುತ್ತಿದ್ದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಬೇರೆ ಬೇರೆ ಕಡೆ ಮುಖ ಮಾಡಿ ಕೂತಿದ್ದರು. ಮಧ್ಯಾಹ್ನದೊಳಗೆ ಕಾಗದ ಕೋರ್ಟಿನೊಳಗೆ ಹೋಗಬೇಕೆಂದು ವಕೀಲರು ಹೇಳಿ ಕಳಿಸಿದ್ದರು. ನಾನು ಪ್ರಿಂಟ್ ಒತ್ತಿದೆ. ಪ್ರಿಂಟರ್ ಒಂದು ಸಲ ಗುರ್ ಎಂದು ಸುಮ್ಮನಾಯಿತು. ಈ ಕಾರ್ಟ್ರಿಡ್ಜ್ ಕಂಪನಿಯದಲ್ಲ, ನಿಮ್ಮ ಸುರಕ್ಷತೆಗಾಗಿ ಮುದ್ರಣ ತಡೆಯಲಾಗಿದೆ ಎಂಬ ಅರ್ಥದ ಸಾಲು ತೆರೆಯ ಮೇಲೆ ಬಂತು.

"ಕಂಪನೀದ ಐತಲ್ರಿ ಡಬ್ಬಿ" ಎಂದರು ಇಂಕಿನವರು. "ನೀವ ತಂದಿದ್ದು. ಒಳಗಿನ ಇಂಕ್ ಅಷ್ಟ ನಂದು."

ಅವರು ಡಬ್ಬಿ ತೆಗೆದು ಒರೆಸಿ ಮತ್ತೆ ಕೂರಿಸಿದರು. ವೈರು ಕಿತ್ತು ಮತ್ತೆ ಹಾಕಿದರು. ಇನ್ನೊಂದು ಡಬ್ಬಿ ಹಾಕಿ ನೋಡಿದರು. ಅದೇ ಸಾಲು. ಡಬ್ಬಿಯ ಬೆನ್ನಿಗಿದ್ದ ಸಣ್ಣ ಚಿಪ್‌ಗೆ ಬೆರಳು ತಾಗಿಸಿ, "ಇದು ಲೆಕ್ಕಾ ಇಟ್ಕೊಂಡೈತಿ ಅಕ್ಕಾರ. ಖಾಲಿ ಆಗೇತಿ ಅಂತ ಬರ್ಕೊಂಡಿದ್ದನ್ನ ಅಳಸೂದಿಲ್ಲ" ಎಂದರು. ನಾವು ಮೂರ್ನಾಲ್ಕು ಅಂಗಡಿ ಓಡಾಡಿ ಕೊನೆಗೆ ಒಂದು ಕಡೆ ಕಾಗದ ತೆಗೆಸಿದೆವು. ಅಷ್ಟರಲ್ಲಿ ಹೊತ್ತು ಮೀರಿತ್ತು. ಗಂಡ ಹೆಂಡತಿಗೆ ಮುಂದಿನ ತಾರೀಖು ಸಿಕ್ಕಿತು. ಆ ಹೆಣ್ಣುಮಗಳು "ಹೊಳ್ಳಿ ಬರ್ತೀವಿ ಬಿಡ್ರಿ" ಎಂದು ಚಪ್ಪಲಿ ಹಾಕಿಕೊಂಡಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳು ಮಾತಾಡಿದಳು.

"ಮೇಡಂ, ಇದು ಸೆಕ್ಯೂರಿಟಿ ಅಪ್‌ಡೇಟ್. ಬೇರೆಯವರು ತುಂಬಿದ ಕಾರ್ಟ್ರಿಡ್ಜ್‌ನಿಂದ ನಿಮ್ಮ ಪ್ರಿಂಟರ್‌ಗೆ ಅಪಾಯ ಆಗಬಹುದು."

"ಇಷ್ಟ್ ವರ್ಷ ಏನೂ ಆಗಿಲ್ಲರಿ" ಎಂದೆ. "ಹಳೇದಕ್ಕ ಹೊಳ್ಳಿಸಾಕ ಬರ್ತೈತೇನು?"

"ಆಗಲ್ಲ ಮೇಡಂ. ಖಾಲಿ ಕಾರ್ಟ್ರಿಡ್ಜ್ ಇದ್ದರೆ ದಯವಿಟ್ಟು ಎಸೆಯಬೇಡಿ. ಪರಿಸರಕ್ಕಾಗಿ ನಾವೇ ಉಚಿತವಾಗಿ ವಾಪಸ್ ತಗೋತೀವಿ. ನಿಮ್ಮ ಪಿನ್ ಕೋಡ್ ಹೇಳಿ."

ಹೇಳಿದೆ. ಅವಳು ಏನೋ ಒತ್ತಿ ನೋಡಿದಳು.

"ಸಾರಿ ಮೇಡಂ, ನಿಮ್ಮ ಏರಿಯಾಗೆ ಆ ಸೌಲಭ್ಯ ಇನ್ನೂ ಬಂದಿಲ್ಲ."

ಅವಳ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. ನಾನು ಫೋನ್ ಇಟ್ಟೆ.

ಹೊಸಪೇಟೆಯಲ್ಲಿ ಕಂಪನಿಯ ಸರ್ವಿಸ್ ಸೆಂಟರ್ ಇದೆ, ಅಲ್ಲಿ ಮುಖಾಮುಖಿ ಕೇಳೋಣ ಎಂದು ಇಂಕಿನವರೇ ಹೇಳಿದರು. ಅಷ್ಟರಲ್ಲಿ ಕುಷ್ಟಗಿಯಲ್ಲೂ ಯಲಬುರ್ಗಾದಲ್ಲೂ ಅವರ ಗಿರಾಕಿಗಳ ಪ್ರಿಂಟರ್‌ಗಳು ಒಂದೊಂದಾಗಿ ಇದೇ ಸಾಲು ತೋರಿಸತೊಡಗಿದ್ದವು. ಪ್ರಿಂಟರನ್ನು ಹಳೆಯ ಸೀರೆಯಲ್ಲಿ ಕಟ್ಟಿಕೊಂಡು ರೈಲಿನಲ್ಲಿ ಹೋದೆವು. ಅವರು ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಉಗುರು ಎಷ್ಟು ತಿಕ್ಕಿದ್ದರೋ, ಬೆರಳ ತುದಿಗಳು ಕೆಂಪಾಗಿದ್ದವು.

ಸರ್ವಿಸ್ ಸೆಂಟರಿನಲ್ಲಿ ತಂಪಾಗಿತ್ತು. ಗೋಡೆಯ ತುಂಬ ಹಸಿರು ಎಲೆಯ ಚಿತ್ರ, ಭೂಮಿಯನ್ನು ಎರಡು ಅಂಗೈಗಳು ಹಿಡಿದ ಚಿತ್ರ. ಅಲ್ಲಿದ್ದವರು ಒಳ್ಳೆಯವರೇ. ನೀರು ಕೊಟ್ಟರು, ಕೂರಲು ಹೇಳಿದರು, ಪ್ರಿಂಟರನ್ನು ನೋಡಿದರು.

"ಪ್ರಿಂಟರ್ ಛಲೋ ಐತ್ರಿ. ಏನೂ ಕೆಟ್ಟಿಲ್ಲ" ಎಂದರು.

"ಕೆಟ್ಟಿಲ್ಲಂದ್ರ ಯಾಕ ನಡ್ಯವಲ್ದು?" ಎಂದು ಇಂಕಿನವರು ಕೇಳಿದರು.

"ಅದು ನಮ್ಮ ಕೈಯಾಗ ಇಲ್ರಿ. ಮ್ಯಾಲಿಂದ ಬಂದದ್ದು. ನಿಮಗ ಆಯ್ಕೆ ಅದಾವ. ಕಂಪನೀ ಕಾರ್ಟ್ರಿಡ್ಜ್ ತಗೋಬಹುದು, ಇಲ್ಲಂದ್ರ ತಿಂಗಳಾ ಇಂಕ್ ಕಳಸೂ ಪ್ಲಾನ್ ಐತಿ, ಇಲ್ಲಂದ್ರ ಹಳೇದು ಕೊಟ್ಟು ಹೊಸಾ ಪ್ರಿಂಟರ್."

"ನಾ ತುಂಬಿದ ಇಂಕಿನಾಗ ವೈರಸ್ ಇರ್ತೈತೇನ್ರಿ ಸಾಹೇಬ್ರ?"

ಇಂಕಿನವರು ಇದನ್ನು ಸಿಟ್ಟಿನಿಂದ ಕೇಳಲಿಲ್ಲ, ತಿಳಿಯದೆ ಕೇಳಿದರು. ಸರ್ವಿಸ್‌ನವರು ನನ್ನ ಕಡೆ ನೋಡಿದರು, ಮತ್ತೆ ತಮ್ಮ ಕೀಬೋರ್ಡ್ ನೋಡಿಕೊಂಡರು. "ಇಂಕಿನಾಗ ಅಲ್ರಿ, ಚಿಪ್‌ನಾಗ ಇರಬಹುದು ಅಂತಾರ" ಎಂದರು. ನನ್ನ ಕಣ್ಣ ಮುಂದೆ ಕಟ್ಟೆಯ ಮೇಲೆ ತಲೆ ಹಿಡಿದು ಕೂತ ಪಕ್ಕದ ಅಂಗಡಿಯವನು ಬಂದ. ಇದೆಲ್ಲ ಸುಳ್ಳೆಂದು ಎದ್ದು ಹೇಳಲು ನನಗೆ ಆಗಲಿಲ್ಲ. ನಿಜವೆಂದು ಒಪ್ಪಲೂ ಆಗಲಿಲ್ಲ. ಆಯ್ಕೆ ಮೂರು ಕೊಟ್ಟಿದ್ದರು. ಆ ಮೂರರಲ್ಲಿ ಯಾವುದರಲ್ಲೂ ನನ್ನ ಪಕ್ಕ ಕೂತವರಿಗೆ ಜಾಗವಿರಲಿಲ್ಲ.

ನಾನು ತಿಂಗಳ ಪ್ಲಾನಿಗೆ ಸಹಿ ಮಾಡಿದೆ. ಕೋರ್ಟಿನ ಮುಂದೆ ಪ್ರಿಂಟರ್ ಇಲ್ಲದ ಟೈಪಿಸ್ಟಿನ ಹತ್ತಿರ ಯಾರು ಬರುತ್ತಾರೆ? ಸಹಿ ಮಾಡುವಾಗ ಇಂಕಿನವರು ಎದ್ದು ಹೊರಗೆ ಹೋಗಿ ನಿಂತರು. ನನಗೆ ಮುಜುಗರವಾಗಬಾರದೆಂದು ಹೋದದ್ದು.

ವಾಪಸು ಬರುವಾಗ ರೈಲಿನಲ್ಲಿ, ಮುನಿರಾಬಾದ್ ದಾಟಿದ ಮೇಲೆ ಅವರೇ, "ಅಕ್ಕಾರ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಾ ಆದ್ರೂ ಅದನ್ನ ಮಾಡ್ತಿದ್ದೆ" ಎಂದರು.

"ನೀವ್ ಮುಂದ ಏನ್ ಮಾಡ್ತೀರಿ?"

"ನೋಡೂಣ್ರಿ. ಹಳೇ ಪ್ರಿಂಟರ್ ಇನ್ನೂ ಕೆಲವು ಅದಾವ. ಅವು ಇರೂತನಕ ನಾ ಅದೀನಿ."

ಅವು ಬಹಳ ದಿನ ಇರಲಿಲ್ಲ. ಕಚೇರಿಗಳ ವೆಬ್‌ಸೈಟುಗಳು ಹಳೆಯ ಕಂಪ್ಯೂಟರಿನಲ್ಲಿ ತೆರೆಯದಂತಾದವು. ಜನ ಹೊಸ ಕಂಪ್ಯೂಟರ್ ತಂದರು, ಅದಕ್ಕೆ ಹಳೆಯ ಪ್ರಿಂಟರ್ ಹೊಂದಲಿಲ್ಲ. ಇಂಕಿನವರು ಬರುವುದು ವಾರದಿಂದ ತಿಂಗಳಿಗಾಯಿತು, ಆಮೇಲೆ ಬರುವುದೇ ನಿಂತಿತು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ತೂಕದ ಕಾಟಾದ ಹತ್ತಿರ ಕೆಲಸಕ್ಕೆ ಸೇರಿದ್ದಾರೆಂದು ಯಾರೋ ಹೇಳಿದರು.

ನನ್ನ ಹತ್ತಿರ ಖಾಲಿ ಡಬ್ಬಿಗಳು ಕೂಡುತ್ತ ಹೋದವು. ಒಂದು ಗೋಣಿಚೀಲ ತುಂಬಿತು. ಎಸೆಯಬೇಡಿ ಎಂದಿದ್ದರು, ಒಯ್ಯಲು ಯಾರೂ ಬರಲಿಲ್ಲ. ಮೇಜಿನ ಕೆಳಗೆ ಕಾಲಿಡಲು ಜಾಗವಿಲ್ಲದಾದಾಗ ಕಸದ ಗಾಡಿಗೆ ಕೊಟ್ಟೆ. ಗಾಡಿಯವಳು ಚೀಲ ಅಲುಗಾಡಿಸಿ, "ಇದ್ಯಾವ ಕಸಾರಿ, ಹಸೀದೋ ಒಣಾದೋ?" ಎಂದು ಕೇಳಿದಳು. ಊರ ಹೊರಗೆ ಕಸಕ್ಕೆ ಬೆಂಕಿ ಹಚ್ಚಿದ ದಿನ ಗಾಳಿ ಈ ಕಡೆ ಬೀಸಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ಅದರಲ್ಲಿ ನನ್ನ ಪಾಲು ಎಷ್ಟೆಂದು ತಿಳಿಯದೆ ಕಿಟಕಿ ಮುಚ್ಚುತ್ತೇನೆ.

ಹೋದ ಬೇಸಿಗೆಯಲ್ಲಿ ಇಂಕಿನವರು ಬಂದಿದ್ದರು. ಮಗಳ ಸ್ಕಾಲರ್‌ಶಿಪ್ಪಿನ ಅರ್ಜಿಗೆಂದು ಕೊಪ್ಪಳಕ್ಕೆ ಬಂದವರು ನನ್ನ ಅಂಗಡಿಯನ್ನೇ ಹುಡುಕಿಕೊಂಡು ಬಂದರು. ಗಡ್ಡ ಬೆಳ್ಳಗಾಗಿತ್ತು. ಉಗುರುಗಳು ಸ್ವಚ್ಛವಾಗಿದ್ದವು, ನಾನು ಅದನ್ನೇ ಮೊದಲು ನೋಡಿದೆ. ಚಹಾ ತರಿಸಿದೆ. ಗಿರಣಿಯ ಧೂಳಿಗೆ ಕೆಮ್ಮು ಬರುತ್ತದೆ, ಉಳಿದಂತೆ ಹೇಗೋ ನಡೆದಿದೆ ಎಂದರು. ಅರ್ಜಿ ತುಂಬಿ ಪ್ರಿಂಟ್ ಒತ್ತಿದೆ. ಆಗಲೇ ನೆಟ್ ಹೋಯಿತು. ನನ್ನ ಪ್ಲಾನ್ ಚಾಲ್ತಿಯಲ್ಲಿದೆಯೋ ಇಲ್ಲವೋ ಎಂದು ಕಂಪನಿಯನ್ನು ಕೇಳಿಕೊಳ್ಳದೆ ಈ ಪ್ರಿಂಟರ್ ಮುದ್ರಿಸುವುದಿಲ್ಲ.

"ಇಂಕ್ ಐತೇನ್ರಿ ಒಳಗ?" ಎಂದು ಅವರು ಕೇಳಿದರು.

"ಐತ್ರಿ. ತುಂಬ ಐತಿ."

ಅವರು ತಲೆಯಾಡಿಸಿದರು. ಇಬ್ಬರೂ ಕಾದೆವು. ಚಹಾ ಮುಗಿಯಿತು. ಗಂಗಾವತಿ ಬಸ್ಸಿನ ಹೊತ್ತಾಗುತ್ತಿದ್ದಂತೆ ಅವರು ಎದ್ದು, ಊರಲ್ಲೇ ಎಲ್ಲಾದರೂ ಪ್ರಿಂಟ್ ತೆಗೆಸುತ್ತೇನೆ ಎಂದು ಹೇಳಿ ಕಾಗದಗಳನ್ನು ಜೋಡಿಸಿಕೊಂಡರು. ಇನ್ನೊಂದು ಗಳಿಗೆ ನಿಲ್ಲಿ ಎನ್ನಬೇಕೆಂದುಕೊಂಡೆ. ಆದರೆ ಒಂದು ಗಳಿಗೆಯಲ್ಲಿ ನೆಟ್ ಬರುತ್ತದೆಂದು ಹೇಳಲು ಅದು ನನ್ನ ಕೈಯಲ್ಲಿರಲಿಲ್ಲ. ಅವರು ರಸ್ತೆ ದಾಟಿ ಬಸ್ ಸ್ಟ್ಯಾಂಡಿನ ಕಡೆ ಹೋದರು.