ಕೌಲ್ ಬಜಾರಿನ ಬ್ಯಾಂಡಿಗೆ ಹಡಗಿನ ಹೆಜ್ಜೆ

ನೌಕಾಪಡೆಯ ಬ್ಯಾಂಡಿಗೆ ಸೇರಿ ಮೊದಲ ಸಲ ರಜೆಯ ಮೇಲೆ ಕುರುಗೋಡಿಗೆ ಬಂದಾಗ ನಮ್ಮ ದೊಡ್ಡಪ್ಪ ಕಟ್ಟೆಯ ಮೇಲೆ ಎಲ್ಲರೆದುರು ಕೇಳಿದ: "ಅಲ್ಲಲೇ, ಹಡಗಿನ್ಯಾಗ ಯಾರ ಮದಿವಿ ಆಕ್ಕಾವು? ಅಲ್ಲಿ ಟ್ರಂಪೆಟ್ ಊದಿ ನೀ ಏನ್ ಮಾಡ್ತಿ?"

ಕಟ್ಟೆ ತುಂಬ ನಗು. ಕೇಳಿದ್ದಕ್ಕೆ ಉತ್ತರ ಕೊಡದೆ ಬಿಡುವ ಮನುಷ್ಯ ನಾನಲ್ಲ. ಹಡಗು ಬಂದರು ಬಿಡುವಾಗ ದಂಡೆಯ ಮೇಲೆ ನಿಂತು ಬೀಳ್ಕೊಡುವವರು ನಾವು. ತಿಂಗಳುಗಟ್ಟಲೆ ನೀರಿನ ಮೇಲಿದ್ದು ತಿರುಗಿ ಬಂದವರ ಕಿವಿಗೆ ಮೊದಲು ಬೀಳುವುದು ನಮ್ಮ ವಾದ್ಯ. ಹೊತ್ತು ಮುಳುಗುವಾಗ ಧ್ವಜ ಇಳಿಯುವುದು ನಮ್ಮ ತುತ್ತೂರಿಯ ಜೊತೆಗೆ. ಬೇರೆ ದೇಶದ ಹಡಗು ಬಂದರೆ ಅವರ ರಾಷ್ಟ್ರಗೀತೆಯನ್ನೂ ತಪ್ಪಿಲ್ಲದೆ ನುಡಿಸಬೇಕು. ಯುದ್ಧ ಬಂತೋ, ವಾದ್ಯ ಪೆಟ್ಟಿಗೆಯೊಳಗಿಟ್ಟು ಗಾಯಾಳುಗಳನ್ನು ಹೊರಬೇಕು. ಅದನ್ನೂ ನಮಗೆ ಕಲಿಸಿದ್ದರು. ಇಷ್ಟನ್ನೂ ಹೇಳಿದೆ. ದೊಡ್ಡಪ್ಪ ಎಲೆಯಡಿಕೆ ಉಗಿದು ಬಂದು, "ಹಂಗಾರ ಮದಿವಿಕಿಂತ ದೊಡ್ಡ ಕೆಲಸ ಬಿಡು" ಎಂದ.

ಐದನೇ ಕ್ಲಾಸಿಗೇ ನಾನು ಸಾಲಿ ಬಿಟ್ಟವನು. ಬಳ್ಳಾರಿಯ ಹತ್ತಿ ಮಿಲ್ಲಿನಲ್ಲಿ ಹಗಲೆಲ್ಲ ಹತ್ತಿಮೂಟೆಯ ಅಂಡಿಗೆ ಹೊತ್ತು, ಸಂಜೆ ಕೌಲ್ ಬಜಾರಿನ ಒಂದು ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಕಲಿತೆ. ಕಲಿಸಿದವರು ಅದರ ಯಜಮಾನರಾದ ಉಸ್ತಾದರು. ಅವರದು ಕ್ಲಾರಿನೆಟ್. ಎಲ್ಲವನ್ನೂ ಕಿವಿಯಿಂದಲೇ ಕಲಿತವರು, ಕಿವಿಯಿಂದಲೇ ಕಲಿಸಿದವರು. ಅರವತ್ತರ ದಶಕದಲ್ಲಿ ನೌಕಾಪಡೆಗೆ ವಾದ್ಯಗಾರರನ್ನು ಆರಿಸುತ್ತಾರೆಂದು ತಿಳಿದು ನನ್ನನ್ನು ರೈಲು ಹತ್ತಿಸಿದವರೂ ಅವರೇ. ಅಲ್ಲಿ ಕಾಗದದ ಗೆರೆಯ ಮೇಲೆ ಚುಕ್ಕೆಯಾಗಿ ಬರೆದ ಸ್ವರಗಳನ್ನು ನೋಡಿ ನುಡಿಸಲು ಕಲಿತೆ. ಬಿಳಿಯರು ಕಟ್ಟಿಹೋದ ಪದ್ಧತಿ ಅದು. ಮೊದಲು ನುಡಿಸುತ್ತಿದ್ದುದೆಲ್ಲ ಅವರದೇ ಹಾಡುಗಳಂತೆ. ನಮ್ಮ ಕಾಲಕ್ಕೆ ಅದೇ ಹಿತ್ತಾಳೆಯ ವಾದ್ಯಗಳಲ್ಲಿ ನಮ್ಮ ರಾಗಗಳೂ ನಡೆಯತೊಡಗಿದ್ದವು. ಮೈಮುರಿದು ದುಡಿದೆ. ಬೆರಳು ತೋರಿಸಿ ತಪ್ಪು ಎನ್ನಲು ಯಾರಿಗೂ ಅವಕಾಶ ಕೊಡಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನಿವೃತ್ತನಾಗಿ ಬಳ್ಳಾರಿಗೆ ಬಂದಾಗ ಉಸ್ತಾದರಿಗೆ ವಯಸ್ಸಾಗಿತ್ತು. ಬ್ಯಾಂಡು ಮಾತ್ರ ನಡೆಯುತ್ತಿತ್ತು. ಒಂದು ದಿನ ಕ್ಲಾರಿನೆಟ್ ಒರೆಸುತ್ತ ಹೇಳಿದರು: "ಬೇಟಾ, ಜಿಂದಗಿಯೆಲ್ಲ ಮಂದಿ ಬಾಗಲ ಮುಂದ ಬಾರಿಸಿದೆ. ಒಂದ್ ಸಲ, ಬರೇ ಒಂದ್ ಸಲ, ಝಂಡಾದ ಮುಂದ ನಡೀಬೇಕು."

ಆ ವರ್ಷ ಸ್ವಾತಂತ್ರ್ಯ ದಿನದ ಪರೇಡಿಗೆ ಯಾವಾಗಲೂ ಬರುವ ಬ್ಯಾಂಡು ಬೇರೆ ಊರಿಗೆ ಹೋಗುವುದಿತ್ತು. ನಾನು ನೇರವಾಗಿ ಉಸ್ತುವಾರಿ ಅಧಿಕಾರಿಯ ಮುಂದೆ ಹೋಗಿ ನಿಂತೆ. "ಮದುವೆ ಬ್ಯಾಂಡೇನ್ರಿ?" ಎಂದು ಅವರು ಹುಬ್ಬೇರಿಸಿದರು. ನನ್ನ ನೌಕಾಪಡೆಯ ಕಾಗದ ನೋಡಿ, "ರಿಹರ್ಸಲ್ ಮಾಡಿ ತೋರಿಸ್ರಿ. ಸರಿ ಬರಲಿಲ್ಲಂದ್ರೆ ಮೈಕಿನಲ್ಲಿ ರೆಕಾರ್ಡ್ ಹಾಕ್ತೀವಿ" ಎಂದರು.

ಹಾಡು ನಮ್ಮವರಿಗೆ ಕಷ್ಟವಾಗಲಿಲ್ಲ. ಒಮ್ಮೆ ಊದಿ ತೋರಿಸಿದರೆ ಹಿಡಿದುಬಿಡುತ್ತಿದ್ದರು. ಕೈಕೊಟ್ಟದ್ದು ಕಾಲು.

ನಮ್ಮ ಕಡೆ ಮದುವೆಯ ಮೆರವಣಿಗೆ ಸಾಗುವಾಗ ಯಾವ ಮನೆಯವರು ತುಂಬಿದ ಕೊಡ, ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಾರೋ ಅಲ್ಲಿ ಬ್ಯಾಂಡು ನಿಲ್ಲಬೇಕು. ಅವರತ್ತ ತಿರುಗಿ ನುಡಿಸಬೇಕು. ಮನೆಯ ಹಿರಿಯರು ಸಾಕೆಂದು ಕೈ ಎತ್ತಿದ ಮೇಲೆಯೇ ಮುಂದಿನ ಹೆಜ್ಜೆ. ರಿಹರ್ಸಲ್ಲಿನ ದಿನ ಮೈದಾನದಲ್ಲಿ ಚೆನ್ನಾಗಿಯೇ ಹೊರಟೆವು. ವೇದಿಕೆಯ ಮುಂದೆ ಬಂದದ್ದೇ ತಡ, ದೊಡ್ಡ ಡ್ರಮ್ಮಿನವನು ಗಕ್ಕನೆ ನಿಂತು ಅಧಿಕಾರಿಯ ಕಡೆ ತಿರುಗಿದ. ಅವನ ಹಿಂದೆ ಇಡೀ ಬ್ಯಾಂಡು ತಿರುಗಿತು. ಹಿಂದೆ ಬರುತ್ತಿದ್ದ ಶಾಲೆಯ ಹುಡುಗರ ಸಾಲು ನಮ್ಮ ಬೆನ್ನಿಗೆ ಬಂದು ಗುದ್ದಿತು. ಪೊಲೀಸರೂ ನಕ್ಕರು. ಉಸ್ತಾದರು ತಲೆ ಎತ್ತಲಿಲ್ಲ.

"ನಾಳೆ ಸಂಜೆ ಇನ್ನೊಂದ್ ಸಲ ನೋಡ್ತೀನಿ. ಅದೇ ಕೊನೆ" ಎಂದರು ಅಧಿಕಾರಿ.

ಡ್ರಮ್ಮಿನವನು ಸಿರುಗುಪ್ಪದವನು, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಗಟ್ಟಿ ಆಳು. "ಯಾಕಲೇ ನಿಂತಿ?" ಎಂದು ಗದರಿದೆ.

"ದೊಡ್ಡೋರು ಕುಂತಾರಲ್ಲಣ್ಣ, ನೋಡದಂಗ ಹೋದ್ರ ಸೊಕ್ಕು ಅನ್ನಂಗಿಲ್ಲೇನು?"

"ಹಡಗಿನ ಬ್ಯಾಂಡು ಕುಂತೋರಿಗೆ ಬಾರಿಸಂಗಿಲ್ಲಪಾ, ಹಿಂದ ನಡಿಯೋರಿಗೆ ಬಾರಿಸ್ತೈತಿ. ಅವರ ಕಾಲು ನಿನ್ನ ಕೋಲಿನಾಗ ಅದಾವು. ನೀ ನಿಂತ್ರ ಅಷ್ಟೂ ಮಂದಿ ಬೀಳ್ತಾರ."

ಅವನಿಗೆ ಅರ್ಥವಾಯಿತು, ಕಾಲಿಗೆ ಆಗಲಿಲ್ಲ. ಮರುದಿನ ಬೆಳಗಿನ ಜಾವ ಊರಾಚೆ ಕೊಳಗಲ್ಲಿನ ದಾರಿಯಲ್ಲಿ ಎಲ್ಲರನ್ನೂ ನಡೆಸಿ ನೋಡಿದೆ. ಮನೆಯಿಲ್ಲದ ದಾರಿ, ಚೆನ್ನಾಗಿ ನಡೆದರು. ಕೌಲ್ ಬಜಾರಿಗೆ ತಿರುಗಿ ಬರುತ್ತಲೇ ಒಂದು ಬಾಗಿಲಲ್ಲಿ ಯಾರೋ ಕೊಡ ಹಿಡಿದದ್ದು ಕಂಡು ಮತ್ತೆ ನಿಂತರು! ಪಾಪ, ಆಕೆ ನಳದ ನೀರಿಗೆ ಹೊರಟಿದ್ದಳು.

ಅಲ್ಲೇ ನನಗೆ ಉಪಾಯ ಹೊಳೆಯಿತು. ಮನೆಮನೆಗೆ ಹೋಗಿ ಕೈ ಮುಗಿದೆ: "ಅಕ್ಕಾರ, ಕೊಡ ತಗೊಂಡು ಬಾಗಲಿಗೆ ನಿಂದರ್ರಿ. ನಾವು ನಿಂದರಂಗಿಲ್ಲ, ಬೇಜಾರ ಮಾಡ್ಕೋಬ್ಯಾಡ್ರಿ." ಮಧ್ಯಾಹ್ನದ ಹೊತ್ತಿಗೆ ಗಲ್ಲಿಯ ಎರಡೂ ಕಡೆ ಕೊಡ, ಬಿಂದಿಗೆ, ಆರತಿ ತಟ್ಟೆ. ಬುರ್ಖಾದ ಹೆಂಗಸರೂ ನಗುತ್ತ ನಿಂತರು. ನಾವು ನಡೆದೆವು.

"ಏ ಡ್ರಮ್ಮಿನಪ್ಪಾ, ನಮ್ಮನಿ ನೀರು ಸಪ್ಪಗದಾವೇನು?" ಎಂದಳೊಬ್ಬಳು.

"ನಿನ್ನ ಮಗಳ ಮದಿವಿಗೆ ಕರಿಯಾಕ ಬರ್ತಿಯಲ್ಲ, ಆವಾಗ ನಾವೂ ಬಾಗಲ ಹಾಕ್ಕೊಂತೀವಿ!" ಎಂದಳು ಇನ್ನೊಂದು ಬಾಗಿಲಿನ ಅಜ್ಜಿ.

ಅವನ ಮುಖದಲ್ಲಿ ಬೆವರು ಸುರಿಯುತ್ತಿತ್ತು. ಮೊದಲ ಸುತ್ತಿನಲ್ಲಿ ಕಾಲು ತಡವರಿಸಿತು. ಎರಡನೆಯ ಸುತ್ತಿನಲ್ಲಿ ಬೈಗುಳ ಜೋರಾಯಿತು, ಕಾಲು ಗಟ್ಟಿಯಾಯಿತು. ಕೊನೆಯ ಸುತ್ತಿಗೆ ಉಸ್ತಾದರು ನಮ್ಮ ಜೊತೆ ಬರಲಿಲ್ಲ. ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು ತಮ್ಮ ಬ್ಯಾಂಡಿನ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು, ಹುಡುಗಿಯ ತಂದೆಯ ಹಾಗೆ. ಅವರನ್ನು ದಾಟುವುದು ನನಗೇ ಕಷ್ಟವೆನಿಸಿತು. ಡ್ರಮ್ಮಿನವನ ಕಣ್ಣು ತುಂಬಿತ್ತು. ಆದರೂ ಎಡಗಾಲಿಗೆ ಧಮ್ ಎಂದು ಬಾರಿಸುತ್ತ, ಮುಂದೆ ನೋಡುತ್ತ ಹೋದ. ಹಿಂದಿನಿಂದ ಉಸ್ತಾದರ ಕೂಗು ಕೇಳಿಸಿತು: "ಶಹಬ್ಬಾಸ್! ನನ್ನೂ ನೋಡದಂಗ ಹ್ವಾದ್ರಿ ಲೇ!"

ಸಂಜೆ ಅಧಿಕಾರಿ ನೋಡಿದರು. ಒಂದೇ ಮಾತು: "ರೆಕಾರ್ಡ್ ಬೇಡ."

ಮಾರನೆಯ ಬೆಳಿಗ್ಗೆ ಕೋಟೆಯ ಬೆಟ್ಟದ ಮೇಲೆ ಬಿಸಿಲು ಏರುತ್ತಿತ್ತು. ಧ್ವಜ ಅರಳಿತು. ಮುಂದಿನ ಸಾಲಿನ ನಡುವೆ ಉಸ್ತಾದರು ಕ್ಲಾರಿನೆಟ್ ಹಿಡಿದು ನಿಂತಿದ್ದರು, ಬೆನ್ನು ಕೋಲಿನಂತೆ ನೆಟ್ಟಗೆ. ಹೆಜ್ಜೆ ಹಾಕಿದೆವು. ವೇದಿಕೆ ಬಂತು, ದಾಟಿತು. ನಮ್ಮ ಹಿಂದೆ ಪೊಲೀಸರು, ಹೋಂ ಗಾರ್ಡುಗಳು, ಶಾಲೆಯ ಮಕ್ಕಳು, ಅಷ್ಟೂ ಎಡಗಾಲುಗಳು ಸಿರುಗುಪ್ಪದ ಒಂದು ಕೋಲಿನ ಕೆಳಗೆ ಒಟ್ಟಿಗೆ ಬಿದ್ದವು. ಮೈದಾನದ ಜನ ಎದ್ದು ಚಪ್ಪಾಳೆ ಹೊಡೆದರು. ಸಮುದ್ರದ ದಂಡೆಯಲ್ಲಿ ಎಷ್ಟೋ ಸಲ ನುಡಿಸಿದ್ದೇನೆ, ಅಂದಿನಷ್ಟು ಎದೆ ಉಬ್ಬಿದ್ದಿಲ್ಲ.

ಮೈದಾನದ ಹೊರಗೆ ಬಂದು ನಿಲ್ಲಿಸಲು ನಾನು ಕೈ ಎತ್ತಿದೆ. ಉಸ್ತಾದರು ನನ್ನ ಕೈ ನೋಡಲಿಲ್ಲ. ಕ್ಲಾರಿನೆಟ್ ತುಟಿಯಿಂದ ತೆಗೆಯಲಿಲ್ಲ. ಅವರು ನಡೆದರು, ಬ್ಯಾಂಡು ನಡೆಯಿತು, ನಾನೂ ಟ್ರಂಪೆಟ್ ಎತ್ತಿಕೊಂಡೆ. ಆಟೋದವರು ದಾರಿ ಬಿಟ್ಟರು. ಕೌಲ್ ಬಜಾರಿನ ರೈಲು ಗೇಟು ಹಾಕಿತ್ತು. ಗೇಟಿನ ಮುಂದೆ ನಿಂತಲ್ಲೇ ಹೆಜ್ಜೆ ಕುಟ್ಟುತ್ತ ನುಡಿಸಿದೆವು. ರೈಲು ಬಂತು. ಕಿಟಕಿಗಳಿಂದ ಜನ ಕೈ ಬೀಸುತ್ತ ಹೋದರು. ಕೊನೆಯ ಡಬ್ಬಿ ದಾಟಿ ಗೇಟು ಎದ್ದಾಗ ಉಸ್ತಾದರೇ ಮೊದಲ ಹೆಜ್ಜೆ ಇಟ್ಟರು, ಎಡಗಾಲಿನದು.