ಕೀ ಕೊಡದ ಮೇಸ್ತ್ರಿ

ನಮ್ಮ ಕಾರು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯ ಎಡಗಿವಿಯ ಮೇಲ್ತುದಿ ಸುಟ್ಟು ಮುದುರಿಕೊಂಡಿತ್ತು. ಆ ಕಿವಿ ಕೇಳುತ್ತಲೂ ಇರಲಿಲ್ಲ. ಕಸುಬು ಕಲಿಯುವ ಕಾಲದಲ್ಲಿ ಬ್ಯಾಟರಿಯ ವೈರು ತೆಗೆಯದೆ ಯಾವುದೋ ಕಾರಿನ ಸ್ಟಿಯರಿಂಗ್ ಬಿಚ್ಚಲು ಹೋಗಿ, ಒಳಗಿದ್ದ ಏರ್‌ಬ್ಯಾಗ್ ಮುಖದ ಪಕ್ಕದಲ್ಲೇ ಸಿಡಿದಿತ್ತಂತೆ. ಅವರೊಂದಿಗೆ ಮಾತಾಡಬೇಕಾದರೆ ಬಲಗಡೆಗೇ ಬರಬೇಕು. ಅವಸರದ ಗಿರಾಕಿ ಬಂದರೆ ಮಾತ್ರ ಮೆಲ್ಲಗೆ ಎಡಗಿವಿಯನ್ನು ಅವನ ಕಡೆ ತಿರುಗಿಸಿಬಿಡುತ್ತಿದ್ದರು. ಘಾಟಿ ಮನುಷ್ಯ.

ಅವರ ಷೆಡ್ಡು ಇದ್ದದ್ದು ಕನಕಪುರದಲ್ಲಿ, ರಾಮನಗರದ ರಸ್ತೆಗೆ. ರೇಷ್ಮೆಗೂಡಿಗೆ ಕಂಡು ಕೇಳರಿಯದ ಬೆಲೆ ಬಂದ ವರ್ಷಗಳು ಅವು. ಸಾತನೂರು ಕಡೆಯ ನಮ್ಮಂಥ ರೇಷ್ಮೆಯವರೆಲ್ಲ ಸೆಕೆಂಡ್ ಹ್ಯಾಂಡ್ ಕಾರು ಕೊಂಡೆವು. ಕೊಂಡದ್ದೇನೋ ಸರಿ, ಅದನ್ನು ಕಾರಿನ ಹಾಗೆ ಇಟ್ಟುಕೊಂಡೆವಾ? ಹಿಂದಿನ ಸೀಟು ಕಿತ್ತು ಅಟ್ಟಕ್ಕೆ ಹಾಕಿದೆವು. ಬೆಳಿಗ್ಗೆ ತೋಟದಿಂದ ಹಿಪ್ಪುನೇರಳೆ ಸೊಪ್ಪು, ಅದು ಬಾಡದಿರಲೆಂದು ಮೇಲೆ ನೀರಲ್ಲಿ ಅದ್ದಿದ ಗೋಣಿ. ಹುಳ ಗೂಡು ಕಟ್ಟಿದ ಮೇಲೆ ರಾಮನಗರದ ಮಾರ್ಕೆಟ್ಟಿಗೆ ಗೂಡಿನ ಮೂಟೆ. ಹುಳದ ಮನೆಗೆ ಬೇಕಾದ ಸುಣ್ಣ, ಬ್ಲೀಚಿಂಗ್ ಪೌಡರ್ ಕೂಡ ಅದರಲ್ಲೇ. ಹೀಗಾಗಿ ಯಾರ ಕಾರು ನೋಡಿದರೂ ಸ್ಟಿಯರಿಂಗಿನ ಹಿಂದೆ ಏರ್‌ಬ್ಯಾಗಿನ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು, ಯಾರೂ ಅದನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲ.

ನಮ್ಮ ಯಜಮಾನರಿಗೆ ಆ ದೀಪ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಬೆಳಿಗ್ಗೆ ಗೂಡು ತುಂಬಿ, ನನ್ನನ್ನೂ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೊರಟವರು, ದೀಪ ಆರಿಸುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಷೆಡ್ಡಿನ ಮುಂದೆ ನಿಲ್ಲಿಸಿದರು. ಮೇಸ್ತ್ರಿ ಸ್ಕ್ಯಾನರ್ ಸಿಕ್ಕಿಸಿ ನೋಡಿದರು. ಬ್ಯಾಟರಿ ವೈರು ತೆಗೆದರು. ಆಮೇಲೆ ಹಳೇ ಟೈರಿನ ಮೇಲೆ ಕೂತು ಟೀ ಕುಡಿಯತೊಡಗಿದರು.

“ಒಸಿ ತಡೀರಿ, ಒಳಗಿರೋ ಕರೆಂಟು ಪೂರ್ತಿ ಇಳೀಲಿ. ನನ್ ಕಿವಿ ನೋಡಿಲ್ವಾ?”

ಟೀ ಮುಗಿದ ಮೇಲೆ ಗೇರಿನ ಪಕ್ಕದ ಕಾರ್ಪೆಟ್ ಎತ್ತಿ ಬೆರಳಲ್ಲಿ ಒತ್ತಿದರು. ನೀರು ಜಿನುಗಿತು. ಬೆರಳನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದರು.

“ಇದು ಕಾರಲ್ಲ ಕಣವ್ವ, ಹುಳದ ಮನೆ. ಬ್ಲೀಚಿಂಗ್ ವಾಸ್ನೆ ಬತ್ತಾ ಐತೆ.”

ಗೇರಿನ ಕೆಳಗೆ, ನೆಲಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಪೆಟ್ಟಿಗೆ ಇತ್ತು. ಅದಕ್ಕೆ ಸಿಕ್ಕಿಸಿದ್ದ ಹಳದಿ ವೈರಿನ ತುದಿಯನ್ನು ಎಳೆದು ತೋರಿಸಿದರು. ಒಳಗಿನ ಕಡ್ಡಿಗಳೆಲ್ಲ ಹಸಿರುಗಟ್ಟಿದ್ದವು.

“ಗಾಡಿ ಗುದ್ದಿದ್ದು ಮೊದ್ಲು ಗೊತ್ತಾಗೋದು ಈ ಸೆನ್ಸಾರಿಗೆ. ಇದು ಹೇಳುದ್ರೆ ತಾನೆ ಬಲೂನು ಬಿಚ್ಕಳ್ಳೋದು? ಪೆಟ್ಟಿಗೆ ಬದಲಾಯಿಸ್ಬೇಕು. ಗಾಡಿ ಬುಟ್ಟೋಗಿ.”

“ಹರಾಜಿಗೆ ಹೊತ್ತಾಯ್ತದೆ ಮೇಸ್ತ್ರಿ. ಇವತ್ತೊಂದಿನ ಕೊಡಿ, ಗೂಡು ಹಾಕ್ಬುಟ್ಟು ಬತ್ತೀವಿ” ಎಂದರು ನಮ್ಮವರು.

ಮೇಸ್ತ್ರಿ ಕೀಯನ್ನು ಜೇಬಿಗೆ ಹಾಕಿಕೊಂಡರು. ನಮ್ಮವರು ರೇಗಿದರು, ಕೂಗಾಡಿದರು. ಆ ಮನುಷ್ಯ ಜಪ್ಪಯ್ಯ ಅನ್ನಲಿಲ್ಲ. ತಾವೇ ಒಂದು ಗೂಡ್ಸ್ ಆಟೋ ಕರೆಸಿ ಮೂಟೆಗಳನ್ನು ಹೊತ್ತು ತುಂಬಿದರು. ಕೊನೆಯ ಮೂಟೆ ಇಟ್ಟ ಮೇಲೆ ಹೇಳಿದರು:

“ನನ್ ತಮ್ಮನೂ ಇದೇ ಮಾತು ಅಂದ. ಗೂಡು ಹಾಕಿ ಬಂದ್ಬುಡ್ತೀನಣ್ಣ ಅಂದ. ನಾನೇ ಬ್ಯಾಟರಿ ಸಿಕ್ಸಿ, ನಾನೇ ಕೀ ಕೊಟ್ಟೆ. ರಾಮನಗರ ಒಸಿ ದೂರ ಐತೆ ಅನ್ನೋವಾಗ ಹುಣ್ಸೇಮರಕ್ಕೆ ಹೊಡ್ದ. ಬೆಲ್ಟ್ ಹಾಕ್ಕಂಡಿದ್ದ. ಬಲೂನು ಬಿಚ್ಕಳ್ಳಲಿಲ್ಲ.”

ನಮ್ಮವರ ಕೋಪ ಇಳಿದುಹೋಯಿತು. ಏನಾದರೂ ಹೇಳಬೇಕಲ್ಲ ಎಂದು, “ಮರಕ್ಕೆ ಹಂಗೆ ಗುದ್ದಿದ್ರೆ ಬಲೂನು ತಾನೇ ಏನ್ ಮಾಡ್ತಿತ್ತು ಬುಡಿ” ಎಂದರು.

ಮೇಸ್ತ್ರಿ ಬಲಗಿವಿ ತಿರುಗಿಸಿ ಹತ್ತಿರ ಬಂದರು. “ಹಂಗಂತೀರಾ?”

“ಹೂಂ ಮತ್ತೆ.”

“ಪೊಲೀಸ್ನೋರೂ ಹಂಗೇ ಅಂದ್ರು” ಎಂದರು.

ಆಮೇಲೆ ಗೊತ್ತಾಯಿತು, ಅವರು ಸಿಕ್ಕಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದರು. ಲಾರಿ ಡ್ರೈವರುಗಳನ್ನು, ಬಸ್ಸಿನವರನ್ನು, ಟೀ ಅಂಗಡಿಯವನನ್ನು. ಆ ಗುದ್ದಿಗೆ ಏನಿದ್ದರೂ ಉಳಿಯುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಆ ದಿನ ಅವರಿಗೆ ಊಟ ಸೇರುತ್ತಿತ್ತು.

ಕಾರು ಸರಿಹೋಯಿತು. ಕೀ ಕೊಡುವ ಮೊದಲು ನಮ್ಮಿಬ್ಬರನ್ನೂ ಕೂರಿಸಿ, ದೀಪ ಒಮ್ಮೆ ಹತ್ತಿ ತಾನಾಗಿ ಆರುವುದನ್ನು ಮತ್ತೆ ಮತ್ತೆ ತೋರಿಸಿದರು. ಇನ್ನು ಮೇಲೆ ಸೊಪ್ಪು ಎತ್ತಿನ ಗಾಡೀಲೇ ಬರಲಿ ಎಂದು ಬೈದು ಕಳಿಸಿದರು. ನಾವೂ ಹಾಗೇ ಮಾಡಿದೆವು.

ಮುಂದಿನ ಮಳೆಗಾಲದಲ್ಲಿ ಸಾತನೂರಿನಿಂದ ಕನಕಪುರಕ್ಕೆ ಬರುವಾಗ ಎಮ್ಮೆಯೊಂದು ಅಡ್ಡ ಬಂತು. ತಪ್ಪಿಸಲು ಹೋಗಿ ನೇರ ಮರಕ್ಕೆ ಗುದ್ದಿದೆವು. ಕಣ್ಣು ಬಿಟ್ಟಾಗ ಮೈಯೆಲ್ಲ ಬಿಳಿ ಪುಡಿ, ಸುಟ್ಟ ವಾಸನೆ. ನನ್ನ ಮೂಗಲ್ಲಿ ರಕ್ತ, ಅವರ ಮಣಿಕಟ್ಟು ಮುರಿದಿತ್ತು. ಅಷ್ಟೇ. ಎರಡು ಏರ್‌ಬ್ಯಾಗೂ ಬಿಚ್ಚಿಕೊಂಡಿದ್ದವು.

ಕೆಲವು ದಿನ ಬಿಟ್ಟು ಹಣ್ಣು, ಸಿಹಿ ಹಿಡಿದುಕೊಂಡು ಮೇಸ್ತ್ರಿಯನ್ನು ನೋಡಲು ಹೋದೆವು. ನಜ್ಜುಗುಜ್ಜಾದ ನಮ್ಮ ಕಾರನ್ನು ಅವರ ಷೆಡ್ಡಿಗೇ ಎಳೆದು ತಂದಿದ್ದರು. ಮೇಸ್ತ್ರಿ ಬಾನೆಟ್ ಒಳಕ್ಕೆ ಕುಸಿದಿದ್ದ ಜಾಗಕ್ಕೆ ಕೈ ಹಾಕಿಕೊಂಡು ನಿಂತಿದ್ದರು. ನಾನು ಕಾಲಿಗೆ ಬೀಳಲು ಬಗ್ಗಿದೆ.

“ನಿಮ್ಮಿಂದ ಜೀವ ಉಳೀತು ಮೇಸ್ತ್ರಿ.”

ಅವರು ಕೈ ತೆಗೆಯಲಿಲ್ಲ.

“ನನ್ ತಮ್ಮಂದೂ ಇಷ್ಟೇ ಕಣವ್ವ ಒಳಕ್ಕೆ ಹೋಗಿದ್ದು. ಇಷ್ಟೇ. ನಾನೇ ಕೈಯಿಟ್ಟು ನೋಡಿದ್ದೆ.”

ಇನ್ನೊಮ್ಮೆ ಗೇಣು ಹಾಕಿ ಅಳೆದು ನೋಡಿದರು.

“ಹಂಗಾದ್ರೆ ಬಲೂನು ಬಿಚ್ಕಂಡಿದ್ರೆ ಅವ್ನೂ ಇರ್ತಿದ್ದ” ಎಂದರು.

ಇಲ್ಲ ಮೇಸ್ತ್ರಿ, ನಿಮ್ಮ ತಮ್ಮನ ಗುದ್ದು ಬೇರೆ, ನಮ್ಮದು ಬೇರೆ ಎಂದು ನಮ್ಮವರು ಹೇಳಬಹುದಿತ್ತು. ಬ್ಯಾಂಡೇಜು ಇಲ್ಲದ ಕೈಯಿಂದ ಹಣ್ಣಿನ ಚೀಲವನ್ನು ಹಳೇ ಟೈರಿನ ಮೇಲೆ ಇಟ್ಟರು. ನಮ್ಮ ಮುಖ ಕಂಡು ಮೇಸ್ತ್ರಿಗೇ ಪಾಪ ಅನಿಸಿರಬೇಕು. “ನೀವ್ ಉಳ್ದಿದ್ದು ಒಳ್ಳೇದಾಯ್ತು. ಕುಂತ್ಕಳಿ, ಟೀ ತರಿಸ್ತೀನಿ” ಎಂದರು. ಟೀ ಬಂತು. ಅವರು ಕುಡಿಯಲಿಲ್ಲ.

ಆಮೇಲೆ ಅವರು ಯಾರನ್ನೂ ಏನನ್ನೂ ಕೇಳಲಿಲ್ಲವಂತೆ, ಊಟವೂ ಸೇರುತ್ತಿರಲಿಲ್ಲವಂತೆ. ಷೆಡ್ಡಿನ ಬಾಗಿಲು ತೆಗೆದರೆ ತೆಗೆದರು, ಇಲ್ಲವಾದರೆ ಇಲ್ಲ. ಕಷ್ಟಪಟ್ಟು ಹಿಡಿದುಕೊಂಡಿದ್ದ ಒಂದೇ ಸಮಾಧಾನವನ್ನು ನಾವು ಬದುಕಿ ಬಂದು ಕಿತ್ತುಕೊಂಡಿದ್ದೆವು. ಇದರಲ್ಲಿ ನಮ್ಮ ತಪ್ಪೇನೂ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೂ ಗೊತ್ತು.

ಚಳಿಗಾಲ ಕಳೆಯುವುದರೊಳಗೆ ಅವರು ತೀರಿಕೊಂಡರು. ಅವರೂರು ದೊಡ್ಡಆಲಹಳ್ಳಿಯ ಹೊಲದಲ್ಲಿ, ತಮ್ಮನ ಪಕ್ಕದಲ್ಲೇ ಗುಂಡಿ ತೆಗೆದಿದ್ದರು. ನಾವಿಬ್ಬರೂ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿದೆವು. ಹಾಕಲು ಕೈಗಳು ಉಳಿದಿದ್ದೇ ಅವರಿಂದ.